ಕಚ್ಚಿಕೊಂಡ ಸ್ಪಾರ್ಕ್ ಪ್ಲಗ್: ಡೀಸೆಲ್, ಸ್ಪ್ರೇ, ಅಸಿಟೋನ್ ಯಾವುದು ಮೇಲು?

ತೀರ್ಥಹಳ್ಳಿ ಕಡೆ ಮಳೆಗಾಲ ಕಳೆಯುವ ಹೊತ್ತಿಗೆ ಹಳೇ ಗಾಡಿಗಳ ಪ್ಲಗ್ ಜಾಮ್ ಆಗೋದು ಮಾಮೂಲು. ಪ್ಲಗ್‌ನ ಮೈ ಉಕ್ಕು, ಅದು ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂ. ನಡುವೆ ತೇವ ಇಳಿದರೆ ಎರಡೂ ಕಚ್ಚಿಕೊಳ್ಳುತ್ತವೆ. ನಮ್ಮ ಮನೆಯ ಓಮ್ನಿ ಮತ್ತು ತಮ್ಮನ ಬೈಕಿನ ಮೇಲೆ ಈ ಮೂರನ್ನೂ ಹಾಕಿ ನೋಡಿದ್ದೇನೆ.

ಡೀಸೆಲ್ ಅಗ್ಗ, ಎಲ್ಲರ ಕೈಗೂ ಸಿಗುತ್ತೆ. ಆದರೆ ಥ್ರೆಡ್ಡಿನೊಳಗೆ ಇಳಿಯೋದು ನಿಧಾನ. ಡಬ್ಲ್ಯುಡಿ-40 ಸ್ಪ್ರೇಗೆ ಸಣ್ಣ ನಳಿಕೆ ಇರೋದರಿಂದ ಪ್ಲಗ್‌ನ ಬುಡಕ್ಕೇ ಬಿಡಬಹುದು. ಸುಮಾರಾಗಿ ಕಚ್ಚಿದ್ದಕ್ಕೆ ಅದು ಸಾಕು.

ಗಟ್ಟಿಯಾಗಿ ಕಚ್ಚಿದ್ದಕ್ಕೆ ನನ್ನ ಆಯ್ಕೆ ಎಟಿಎಫ್ ಆಯಿಲ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ) ಮತ್ತು ಅಸಿಟೋನ್, ಸಮಸಮ. ಎರಡೂ ಸರಿಯಾಗಿ ಬೆರೆಯಲ್ಲ, ಪ್ರತಿ ಸಲ ಕುಲುಕಿ ಹಾಕಬೇಕು. ಬೆಂಕಿ ಹತ್ತಿರ ಬೇಡವೇ ಬೇಡ. ಎಂಜಿನ್ ತಣ್ಣಗಿದ್ದಾಗ ಮಾತ್ರ ಇದನ್ನು ಹಾಕಬೇಕು. ರಾತ್ರಿ ಹಾಕಿ ಬಿಟ್ಟರೆ ಬೆಳಿಗ್ಗೆ ಪಾನಾ ಕೊಟ್ಟಾಗ ಕಿರ್ ಅಂತ ಸಣ್ಣ ಸದ್ದು ಬರುತ್ತೆ, ಬುಡದಲ್ಲಿ ಕಂದು ಪುಡಿ ಕಾಣುತ್ತೆ. ಆಗಲೇ ಜೋರು ಮಾಡಬಾರದು. ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಎರಡು ಹನಿ ಹಾಕಿ, ಮತ್ತೆ ಬಿಚ್ಚಬೇಕು. ಹೀಗೆ ಮಾಡಿದರೆ ಹೆಡ್ಡಿನ ಥ್ರೆಡ್ ಉಳಿಯುತ್ತೆ.

ಎಂಜಿನ್ ಬಿಸಿ ಇದ್ದಾಗ ಬಿಚ್ಚೋದು ಒಳ್ಳೇದು ಅನ್ನೋರೂ ಇದ್ದಾರೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತೆ, ಆ ಮಾತು ನಿಜ. ಆದರೆ ಕುದಿಯೋ ಬಿಸಿಯಲ್ಲಿ ಥ್ರೆಡ್ ಕಿತ್ತುಬರುವ ಭಯ ಜಾಸ್ತಿ. ಕೈ ಇಟ್ಟರೆ ತಡೆಯುವಷ್ಟು ಬೆಚ್ಚಗಿದ್ದರೆ ಸರಿ.

ಷಡ್ಭುಜದ ತಲೆ ಮುರಿದು ಥ್ರೆಡ್ ಒಳಗೇ ಉಳಿದರೆ? ಮುರಿದ ತುಂಡನ್ನು ಹೊರತೆಗೆಯೋ ಸಾಧನಕ್ಕೆ ಎಕ್ಸ್‌ಟ್ರಾಕ್ಟರ್ ಅಂತಾರೆ. ಇಲ್ಲಿ ಸುರುಳಿ ಎಕ್ಸ್‌ಟ್ರಾಕ್ಟರ್ ನನಗೆ ಹಿಡಿಸಲ್ಲ. ತಿರುಗಿಸಿದಷ್ಟೂ ತೆಳ್ಳಗಿನ ಚಿಪ್ಪನ್ನು ಹೊರಕ್ಕೆ ಒತ್ತಿ ಇನ್ನೂ ಬಿಗಿ ಮಾಡುತ್ತೆ. ಅದೇ ತುಂಡಾದರೆ ಡ್ರಿಲ್ ಕೂಡ ಇಳಿಯಲ್ಲ. ಚೌಕ ಮೂಲೆಯ, ತುದಿ ಸಪೂರವಾದ ಎಕ್ಸ್‌ಟ್ರಾಕ್ಟರನ್ನು ಮೆಲ್ಲಗೆ ತಟ್ಟಿ ಕೂರಿಸಿ ತಿರುಗಿಸಿದರೆ ಬರುತ್ತೆ. ಮೊದಲು ಪಿಂಗಾಣಿ ಚೂರನ್ನು ವ್ಯಾಕ್ಯೂಮಿನಿಂದ ಎಳೆಯಿರಿ, ಎಕ್ಸ್‌ಟ್ರಾಕ್ಟರಿನ ತುದಿಗೆ ಗ್ರೀಸ್ ಹಚ್ಚಿ. ಚೂರು ಸಿಲಿಂಡರಿಗೆ ಬಿದ್ದರೆ ಗೋಡೆಯನ್ನು ಗೀರುತ್ತೆ. ಚೂರು ಬಿದ್ದಿರಬಹುದು ಅನ್ನಿಸಿದರೆ ಸ್ಟಾರ್ಟ್ ಮಾಡಬೇಡಿ, ಹೆಡ್ ಬಿಚ್ಚುವ ಮೆಕ್ಯಾನಿಕ್ ಹತ್ತಿರ ಗಾಡಿ ಒಯ್ಯಿರಿ. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಹಾಕಿಸಬಹುದು, ಹೆಡ್ಡನ್ನೇ ಬದಲಿಸಬೇಕೆಂದಿಲ್ಲ.

ಹೊಸ ವಾಷರ್ ಇರುವ 14 ಮಿ.ಮೀ. ಪ್ಲಗ್ಗನ್ನು ಕೈಯಲ್ಲೇ ಕೊನೆತನಕ ತಿರುಗಿಸಿ, ಆಮೇಲೆ ಪಾನಾದಲ್ಲಿ ಅರ್ಧ ಸುತ್ತು ಕೊಟ್ಟರೆ ಸಾಕು.