ಒಂದೇ ಕೀ, ಮನೆತುಂಬ ಕಂಪ್ಯೂಟರ್: ನಾಲ್ಕು ವರ್ಷ ಮೈಕ್ರೋಸಾಫ್ಟ್ 365 ಫ್ಯಾಮಿಲಿ ಬಳಸಿದ ಮೇಲೆ

ಮೊದಲು ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದವು, ವರ್ಡ್, ಎಕ್ಸೆಲ್ ಇರುವ ಮೈಕ್ರೋಸಾಫ್ಟ್ ಆಫೀಸಿನ ಕೀ (ಅದನ್ನು ಚಾಲೂ ಮಾಡುವ ಕೋಡ್) ಒಂದೇ ಇತ್ತು. "ಎರಡಕ್ಕೂ ಇದನ್ನೇ ಹಾಕ್ಕೊಳ್ಳಿ ಮೇಡಂ, ಏನೂ ಆಗಲ್ಲ" ಎಂದು ಅಂಗಡಿಯವರು ಹೇಳಿದ್ದರು. ಕೆಲವು ತಿಂಗಳಾದ ಮೇಲೆ ಎರಡನೆಯದರಲ್ಲಿ ವರ್ಡ್ ಮೇಲ್ಗಡೆ ಕೆಂಪು ಪಟ್ಟಿ ಬಂತು. ಫೈಲ್ ತೆರೆಯುತ್ತದೆ, ಆದರೆ ಒಂದಕ್ಷರ ತಿದ್ದಲು ಆಗುವುದಿಲ್ಲ. ಮರುದಿನವೇ ಮಗಳು ಪ್ರಾಜೆಕ್ಟ್ ವರದಿ ಕೊಡಬೇಕಿತ್ತು.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ಆಫೀಸ್ 2021, ಆಫೀಸ್ 2024 ತರಹ ಒಂದೇ ಸಲ ಹಣ ಕೊಟ್ಟು ಕೊಳ್ಳುವ ಮನೆಬಳಕೆಯ ಆವೃತ್ತಿಗಳು ಒಂದು ಕಂಪ್ಯೂಟರಿಗೆ ಮಾತ್ರ. ಮನೆಯಲ್ಲಿ ಮೂರು ನಾಲ್ಕು ಜನ ಬಳಸುವುದಾದರೆ ಅದು ಸರಿಹೋಗುವುದಿಲ್ಲ. ಹಾಗಾಗಿ ಚಂದಾ ಕಟ್ಟಿ ಮನೆಯವರೆಲ್ಲ ಆಫೀಸ್ ಬಳಸುವ 365 ಫ್ಯಾಮಿಲಿ ತೆಗೆದುಕೊಂಡೆವು.

ಅಂಗಡಿಯಲ್ಲಿ ಕೊಂಡರೆ ಇದರಲ್ಲೂ 25 ಅಕ್ಷರದ ಕೀ ಬರುತ್ತದೆ. ಆದರೆ ಅದನ್ನು ಪ್ರತಿ ಕಂಪ್ಯೂಟರಿನಲ್ಲಿ ಒತ್ತುತ್ತಾ ಕೂರಬೇಕಿಲ್ಲ. ಒಮ್ಮೆ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಸೇರಿಸಿದರೆ ಆ ಕೀ ಕೆಲಸ ಮುಗಿಯಿತು. ಆಮೇಲೆ ಎಲ್ಲ ಕಡೆ ಲಾಗಿನ್ ಅಷ್ಟೇ. ಚಂದಾ ಕಟ್ಟಿದವರೂ ಸೇರಿ ಆರು ಜನ ಬಳಸಬಹುದು. ಒಬ್ಬೊಬ್ಬರೂ ಒಂದೇ ಹೊತ್ತಿಗೆ ಐದು ಸಾಧನಗಳಲ್ಲಿ ಲಾಗಿನ್ ಆಗಿರಬಹುದು. ವಿಂಡೋಸ್, ಮ್ಯಾಕ್, ಫೋನ್ ಎಲ್ಲವೂ ಆಗುತ್ತದೆ. ಹಾಸ್ಟೆಲಿನಲ್ಲಿ ಮಗಳದು ಮ್ಯಾಕ್, ನನ್ನದು ಹಳೇ ವಿಂಡೋಸ್ ಲ್ಯಾಪ್‌ಟಾಪ್. ಇಬ್ಬರಿಗೂ ಇದೇ ಚಂದಾ.

ನನಗೆ ತುಂಬಾ ಹಿಡಿಸಿದ್ದು ಬೇರೆ ಬೇರೆ ಅಕೌಂಟ್ ಇರುವುದು. ಪ್ರತಿಯೊಬ್ಬರಿಗೂ ಫೈಲ್ ಇಡಲು ಇಂಟರ್ನೆಟ್ಟಿನಲ್ಲಿ 1 ಟಿಬಿ ಒನ್‌ಡ್ರೈವ್ ಜಾಗ ಸಿಗುತ್ತದೆ. ಒಬ್ಬರ ಫೈಲ್ ಇನ್ನೊಬ್ಬರಿಗೆ ತಾನಾಗಿ ಕಾಣುವುದಿಲ್ಲ. ದಯವಿಟ್ಟು ಒಂದೇ ಪಾಸ್‌ವರ್ಡ್ ಮನೆಯವರಿಗೆಲ್ಲ ಹಂಚಬೇಡಿ. ಮೊದಲ ವರ್ಷ ನಾವು ಹಾಗೇ ಮಾಡಿದ್ದೆವು. ಮಗ ಜಾಗ ಖಾಲಿ ಮಾಡುತ್ತೇನೆಂದು ಅಕ್ಕನ ಫೋಟೋಗಳನ್ನು ಅಳಿಸಿಬಿಟ್ಟ. ರೀಸೈಕಲ್ ಬಿನ್‌ನಲ್ಲಿ ಸಿಕ್ಕವು, ಬಚಾವ್. ಅವತ್ತೇ ಅಕೌಂಟ್ ಪುಟದಿಂದ ಎಲ್ಲರಿಗೂ ಬೇರೆ ಬೇರೆ ಲಿಂಕ್ ಕಳಿಸಿದೆ. ಹತ್ತು ನಿಮಿಷದ ಕೆಲಸ.

ಹಳೇ ಕಂಪ್ಯೂಟರ್ ಮಾರುವಾಗ ಅದರಿಂದ ಸೈನ್ ಔಟ್ ಮಾಡಿ. ಮರೆತರೂ ಅಕೌಂಟ್ ಪುಟದಿಂದಲೇ ಮಾಡಬಹುದು.

ಇಂಟರ್ನೆಟ್ ಇಲ್ಲದೆಯೂ ಟೈಪ್ ಮಾಡಬಹುದು, ಆದರೆ ತಿಂಗಳಿಗೊಮ್ಮೆಯಾದರೂ ನೆಟ್ ಸಿಗಬೇಕು. ಇಲ್ಲದಿದ್ದರೆ ಬರೀ ಓದಲು ಬರುತ್ತದೆ, ತಿದ್ದಲು ಬರುವುದಿಲ್ಲ. ಊರಲ್ಲಿರುವ ಲ್ಯಾಪ್‌ಟಾಪಿಗೆ ಅದಕ್ಕೇ ಆಗಾಗ ಫೋನಿನ ಹಾಟ್‌ಸ್ಪಾಟ್ ಕೊಡಲು ಹೇಳಿದ್ದೇನೆ. ಚಂದಾ ಮುಗಿದರೂ ಇದೇ ಕಥೆ. ಪ್ರತಿ ವರ್ಷ ಹಣ ಕಟ್ಟುವುದು ಇಷ್ಟವಿಲ್ಲದವರಿಗೆ, ಒಬ್ಬರೇ ಬಳಸುವವರಿಗೆ ಇದು ಬೇಡ ಎಂದೇ ಹೇಳುತ್ತೇನೆ. ಬರೆಯಲು ನೆರವಾಗುವ ಕೋಪೈಲಟ್ ಎಐ ಕೂಡ ಚಂದಾ ಕಟ್ಟಿದವರಿಗೆ ಮಾತ್ರ, ಹಂಚಿಕೊಂಡವರಿಗೆ ಇಲ್ಲ. ಇದು ಮನೆಬಳಕೆಗೆ ಕೊಟ್ಟಿರುವ ಲೈಸೆನ್ಸ್. ನಮ್ಮವರು ತಮ್ಮ ಅಂಗಡಿಯ ಬಿಲ್ಲಿಗೂ ಇದನ್ನೇ ಹಾಕೋಣ ಎಂದಾಗ ನಾನು ಒಪ್ಪಲಿಲ್ಲ. ವ್ಯಾಪಾರಕ್ಕೆ ಬಿಸಿನೆಸ್ ಪ್ಲಾನ್ ಬೇರೆಯೇ ಇದೆ.

ಇನ್ನೊಂದು ಮಾತು. ಇದರಲ್ಲಿ ವಿಂಡೋಸ್ ಕೀ ಬರುವುದಿಲ್ಲ, ಅದು ಬೇರೆ. ಕಂಪ್ಯೂಟರ್ ಜೊತೆಗೇ ತಯಾರಕರು ಹಾಕಿಕೊಡುವ ಕೀ (ಒಇಎಂ ಕೀ) ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಬೇರೆಯಾಗಿ ಕೊಂಡ ರೀಟೇಲ್ ಕೀಯನ್ನು ಹೊಸ ಯಂತ್ರಕ್ಕೆ ಸಾಗಿಸಬಹುದು, ಆದರೆ ಒಂದು ಹೊತ್ತಿಗೆ ಒಂದರಲ್ಲೇ.

ಕನ್ನಡದಲ್ಲಿ ಬರೆಯುವವರು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಯೂನಿಕೋಡ್‌ನಲ್ಲೇ ಬರೆಯಿರಿ. ನಮ್ಮ ಮಾವನವರು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಬರೆದಿಟ್ಟ ಫೈಲುಗಳು ನನ್ನ ಲ್ಯಾಪ್‌ಟಾಪಿನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಂಡವು. ಆ ಫಾಂಟ್ ಪ್ರತಿ ಯಂತ್ರದಲ್ಲೂ ಇರಬೇಕು, ಅದಕ್ಕೆ ಯಾವ ಲೈಸೆನ್ಸೂ ನೆರವಾಗದು. ಕನ್ವರ್ಟರ್ ಹಾಕಿ ಯೂನಿಕೋಡ್‌ಗೆ ತಂದೆವು. ಖಾಲಿಯಿದ್ದ ಆರನೆಯ ಜಾಗವನ್ನು ಈಗ ಅವರಿಗೇ ಕೊಟ್ಟಿದ್ದೇವೆ. ನಮ್ಮ ಮನೆತನದ ವಂಶವೃಕ್ಷ ಬರೆಯುತ್ತಿದ್ದಾರೆ. ಬೆಳಗ್ಗೆ ಊರಲ್ಲಿ ಅವರು ಒಂದು ಹೆಸರು ಸೇರಿಸಿದರೆ, ಸಂಜೆ ಇಲ್ಲಿ ನಾನು ತೆರೆದು ಕಾಗುಣಿತ ನೋಡುತ್ತೇನೆ.