ನಿಸ್ಸಾನ್‌ಗೆ ವಿ8, ಮಸ್ಟಾಂಗ್‌ಗೆ ಟೊಯೋಟಾ ಟರ್ಬೊ: ಎರಡನ್ನೂ ಕೂರಿಸಿ ಓಡಿಸಿದ ಮೇಲೆ

ಎರಡೂ ಕಾರಿನ ಚಕ್ರಕ್ಕೆ ನಾಲ್ಕೇ ನಟ್. ನಟ್ ಕೂರುವ ವೃತ್ತದ ಅಳತೆಯೂ ಒಂದೇ, 114.3 ಮಿ.ಮೀ. ಒಂದು 1967ರ ಫೋರ್ಡ್ ಮಸ್ಟಾಂಗ್, ನಮ್ಮ ಭಾವನದು. ಇನ್ನೊಂದು 1992ರ ನಿಸ್ಸಾನ್ 240ಎಸ್‌ಎಕ್ಸ್, ನನ್ನದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಗ್ಯಾರೇಜಿನಲ್ಲಿ ಎರಡರ ಚಕ್ರವನ್ನೂ ಬಿಚ್ಚಿಟ್ಟು ಟೇಪ್ ಹಿಡಿದಾಗ ಗೊತ್ತಾಗಿದ್ದು ಇದು. ಅಲ್ಲಿಂದ ಮುಂದೆ ಎರಡಕ್ಕೂ ಹೋಲಿಕೆಯೇ ಇರಲಿಲ್ಲ.

ನಾವು ಮಾಡಲು ಹೊರಟಿದ್ದು ಅದಲುಬದಲು. ಜಪಾನಿ ಕಾರಿಗೆ ಅಮೆರಿಕದ ವಿ8, ಅಂದರೆ ‘ವಿ’ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್. ಅಮೆರಿಕದ ಕಾರಿಗೆ ಜಪಾನಿನ ಟರ್ಬೊ, ಅಂದರೆ ಹೊರಹೋಗುವ ಹೊಗೆಯ ಬಲದಿಂದಲೇ ಒಳಗೆ ಹೆಚ್ಚು ಗಾಳಿ ತುಂಬುವ ಎಂಜಿನ್. ನಮ್ಮ ಮೂಡಿಗೆರೆ ಕಡೆ ತೋಟದ ವಿಲ್ಲಿಸ್ ಜೀಪಿನ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸುತ್ತಿದ್ದರು. ಅದು ಖರ್ಚು ಉಳಿಸೋಕೆ. ಇದು ಬರೀ ಆಸೆಗೆ. ಆದರೆ ಕೆಲಸ ಅದೇ: ಎಂಜಿನ್ ಕೂರಬೇಕು, ಗೇರ್‌ಬಾಕ್ಸ್ ಸೇರಬೇಕು, ಬಾನೆಟ್ ಮುಚ್ಚಬೇಕು.

ನನ್ನ 240ಎಸ್‌ಎಕ್ಸ್‌ಗೆ ಕಂಪನಿ ಕೊಟ್ಟಿದ್ದು ಕೆಎ24ಡಿಇ ಎಂಜಿನ್. 2.4 ಲೀಟರ್, 155 ಎಚ್‌ಪಿ. ನಿಸ್ಸಾನ್ ಇದೇ ಕುಟುಂಬದ ಎಂಜಿನ್ನನ್ನು ತನ್ನ ಪಿಕಪ್ ಟ್ರಕ್ಕಿಗೂ ಹಾಕುತ್ತಿತ್ತು. ಗಟ್ಟಿ ಎಂಜಿನ್, ಆದರೆ ಇಷ್ಟು ಹಗುರ, ಹಿಂದಿನ ಚಕ್ರ ತಿರುಗುವ ಚೆಂದದ ಕಾರಿಗೆ ಅದು ಸಾಲದು. ಅದರ ಜಾಗಕ್ಕೆ 2001ರ ಷೆವ್ರೊಲೆ ಕಮಾರೊ ಝಡ್28ರ ಎಲ್‌ಎಸ್1 ಎಂಜಿನ್ ತಂದೆ. 5.7 ಲೀಟರ್, 310 ಎಚ್‌ಪಿ. ಜೊತೆಗೆ ಅದೇ ಕಾರಿನ ಆರು ಗೇರಿನ ಟಿ56 ಗೇರ್‌ಬಾಕ್ಸ್.

ಎಂಟು ಸಿಲಿಂಡರ್ ಅಂದರೆ ಮೂಗು ಭಾರವಾಗಿ ಕಾರು ಹಾಳಾಗುತ್ತೆ ಅಂತ ಎಷ್ಟೋ ಜನ ಹೇಳಿದ್ದರು. ಹಾಗಾಗಲಿಲ್ಲ. ಎಲ್‌ಎಸ್1ರ ಬ್ಲಾಕ್ ಮತ್ತು ಹೆಡ್ ಎರಡೂ ಅಲ್ಯೂಮಿನಿಯಂ. ವಾಲ್ವ್ ತೆರೆಯುವ ಕ್ಯಾಮ್ ಬ್ಲಾಕಿನ ಒಳಗೇ ಇದೆ, ಹಾಗಾಗಿ ಹೆಡ್ ಪುಟ್ಟದು. ಕೆಎ24ರ ಬ್ಲಾಕ್ ಬೀಡು ಕಬ್ಬಿಣದ್ದು. ಕ್ರೇನಿನಲ್ಲಿ ನೇತಾಡುತ್ತಿದ್ದ ವಿ8 ಎಷ್ಟು ಗಿಡ್ಡ ಇದೆ ಅಂತ ನೋಡಿ ಭಾವ ಎರಡು ಸಲ ಸುತ್ತ ಬಂದರು. ಇಳಿಸಿದ ಮೇಲೆ ಎಂಜಿನ್ನಿನ ಮುಂದೆ ರೇಡಿಯೇಟರಿಗೆ ಆರಾಮಾಗಿ ಜಾಗ ಉಳಿಯಿತು.

ಕಷ್ಟ ಇದ್ದಿದ್ದು ಎಡಗಡೆ. ಅಮೆರಿಕದಲ್ಲಿ ಮಾರಿದ ಕಾರು, ಸ್ಟೀರಿಂಗ್ ಎಡಕ್ಕೆ. ವಿ8ರ ಎಡ ಸಾಲಿನ ಎಕ್ಸಾಸ್ಟ್ ಪೈಪ್‌ಗಳು ಸರಿಯಾಗಿ ಸ್ಟೀರಿಂಗ್ ಶಾಫ್ಟಿನ ಪಕ್ಕದಲ್ಲೇ ಕೆಳಗಿಳಿಯಬೇಕು. ನಡುವೆ ನನ್ನ ಕಿರುಬೆರಳು ತೂರುವಷ್ಟೇ ಜಾಗ. ಎಂಜಿನ್ ಅಲುಗಾಡಿದಾಗಲೆಲ್ಲ ಪೈಪ್ ಶಾಫ್ಟಿಗೆ ತಾಕುತ್ತಿತ್ತು. ಕೊನೆಗೆ ಈ ಕಾರಿಗೆಂದೇ ಮಾಡಿದ ಹೆಡರ್ (ಎಕ್ಸಾಸ್ಟ್ ಪೈಪ್‌ಗಳ ಜೋಡಣೆ) ತಂದು, ಎಂಜಿನ್ ಮೌಂಟ್ ಬದಲಿಸಿ, ಶಾಫ್ಟಿಗೆ ಶಾಖ ತಡೆಯುವ ಪಟ್ಟಿ ಸುತ್ತಿದ ಮೇಲೆ ಸರಿಹೋಯಿತು. ಆಯಿಲ್ ಚೇಂಬರ್ ಕೂಡ ನೋಡಿ ತರಬೇಕು. ಟ್ರಕ್ಕಿನಿಂದ ಬರುವ ಎಲ್‌ಎಸ್ ಕುಟುಂಬದ ಎಂಜಿನ್ ಅಗ್ಗ, ಆದರೆ ಅದರ ಚೇಂಬರ್ ತುಂಬಾ ಆಳ, ನೆಲಕ್ಕೆ ಹತ್ತಿರ ಬರುತ್ತೆ. ಕಮಾರೊದ್ದೇ ಆದರೆ ಆ ತಲೆನೋವಿಲ್ಲ.

ಇನ್ನು ಮಸ್ಟಾಂಗ್. ಅದರ ವಿಐಎನ್, ಅಂದರೆ ಕಂಪನಿ ಕೊಟ್ಟ ಗುರುತಿನ ನಂಬರಿನ ಎರಡನೇ ಅಕ್ಷರ ‘ಆರ್’. ಅಂದರೆ ಫೋರ್ಡ್‌ನ ಸ್ಯಾನ್ ಹೊಸೆ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ ಇದ್ದಿದ್ದು ಮಿಲ್ಪಿಟಾಸ್‌ನಲ್ಲಿ. 1983ರಲ್ಲಿ ಮುಚ್ಚಿತು, ಈಗ ಅದೇ ಕಟ್ಟಡ ಗ್ರೇಟ್ ಮಾಲ್. ನಾವು ಮಕ್ಕಳಿಗೆ ಶೂ ಕೊಡಿಸೋಕೆ ಹೋಗುವ ಜಾಗ! ಐದನೇ ಅಕ್ಷರ ‘ಟಿ’. ಅದು 200 ಕ್ಯೂಬಿಕ್ ಇಂಚಿನ, 120 ಎಚ್‌ಪಿಯ ಆರು ಸಿಲಿಂಡರ್ ಎಂಜಿನ್ನಿನ ಗುರುತು. ಮಸ್ಟಾಂಗ್ ಅಂದರೆ ವಿ8 ಅಂತಲೇ ಎಲ್ಲರ ತಲೆಯಲ್ಲಿದೆ, ಅಲ್ವಾ? ಆದರೆ ಆಗ ಜನ ದಿನಬಳಕೆಗೆ ಕೊಂಡ ಎಷ್ಟೋ ಮಸ್ಟಾಂಗ್‌ಗಳಲ್ಲಿ ಇದೇ ಆರು ಸಿಲಿಂಡರ್ ಇತ್ತು. ಹಾಗಾಗಿ ಭಾವ ಟೊಯೋಟಾದ 2ಜೆಝಡ್-ಜಿಟಿಇ ಹಾಕುತ್ತೇನೆ ಅಂದಾಗ ನನಗೆ ಅದು ಅಪಚಾರ ಅನ್ನಿಸಲಿಲ್ಲ. ಸಾಲಾಗಿ ನಿಂತ ಆರು ತೆಗೆದು ಸಾಲಾಗಿ ನಿಂತ ಆರು ಇಡುವುದು.

ಅವರು ತರಿಸಿದ್ದು ಜಪಾನಿನ ಟೊಯೋಟಾ ಅರಿಸ್ಟೊ ಕಾರಿನ ಎಂಜಿನ್. ಸುಪ್ರಾದಲ್ಲಿ ಹೆಸರು ಮಾಡಿದ ಅದೇ ಎಂಜಿನ್. 3 ಲೀಟರ್, ಬೀಡು ಕಬ್ಬಿಣದ ಬ್ಲಾಕ್. ಕೂರಿಸುವಾಗ ಒಂದು ಒಳ್ಳೆಯ ಸಂಗತಿ ಕಂಡಿತು. ಹಳೆ ಮಸ್ಟಾಂಗ್‌ನ ಎಂಜಿನ್ ಜಾಗದಲ್ಲಿ ಎರಡೂ ಕಡೆ ಶಾಕ್ ಟವರ್ (ಮುಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂರುವ ಗೂಡು) ಒಳಕ್ಕೆ ಚಾಚಿಕೊಂಡಿವೆ. ಈಗಿನ ಕಾಲದ ಅಗಲವಾದ ವಿ8 ಕೂರಿಸುವವರು ಅದನ್ನೇ ಕತ್ತರಿಸಬೇಕಾಗುತ್ತೆ. 2ಜೆಝಡ್ ಸಪೂರ, ನಡುವೆ ಸಲೀಸಾಗಿ ಇಳಿಯಿತು. ಮೇಲಾಗಿ ಇದರ ಟರ್ಬೊ ಬಲಗಡೆ, ಮಸ್ಟಾಂಗ್‌ನ ಸ್ಟೀರಿಂಗ್ ಎಡಗಡೆ. ನನ್ನನ್ನು ಕಾಡಿದ ಸಮಸ್ಯೆ ಅವರಿಗೆ ಬರಲೇ ಇಲ್ಲ. ಬಲ ಟವರಿಗೆ ತಾಕದ ಹಾಗೆ ಟರ್ಬೊವನ್ನು ಮುಂದಕ್ಕೆ, ಮೇಲಕ್ಕೆ ಎತ್ತಿ ಕೂರಿಸಿದರು, ಅಷ್ಟೇ.

ಆದರೆ ಎಂಜಿನ್ ಕೂತಿದ್ದು ಶುರು ಮಾತ್ರ. ಅರಿಸ್ಟೊದಲ್ಲಿ ಬರುವುದು ಆಟೋಮ್ಯಾಟಿಕ್. ಮ್ಯಾನುವಲ್ ಬೇಕು ಅಂತ ನಿಸ್ಸಾನ್ 350ಝಡ್‌ನ ಗೇರ್‌ಬಾಕ್ಸ್ ತಂದು ಅಡಾಪ್ಟರ್ ಪ್ಲೇಟ್ ಹಾಕಿದರು. ಅದು ದಪ್ಪ, ಹಾಗಾಗಿ ಗೇರ್‌ಬಾಕ್ಸ್ ಕೂರುವ, ಕಾರಿನ ನಡುವಿನ ಟನಲ್ ಕತ್ತರಿಸಿ ಎತ್ತರಿಸಬೇಕಾಯಿತು. ನಾಲ್ಕು ನಟ್‌ನ ತೆಳು ಹಿಂದಿನ ಆಕ್ಸಲ್ ಈ ಶಕ್ತಿಗೆ ಮುರಿಯುತ್ತೆ, ಅದೂ ಹೋಯಿತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇತ್ತು, ಡಿಸ್ಕ್ ಬಂತು. ಮಸ್ಟಾಂಗ್‌ನ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ತಳ. ಕಾರ್ಬುರೇಟರ್ ಕಾಲದ ಅದಕ್ಕೆ ಒತ್ತಡದ ಪಂಪೂ ಇಲ್ಲ, ವಾಪಸ್ ಬರುವ ಪೈಪೂ ಇಲ್ಲ. ಅದನ್ನೂ ಬದಲಿಸಬೇಕಾಯಿತು. ನನ್ನ ನಿಸ್ಸಾನ್‌ನಲ್ಲಿ ಇಂಜೆಕ್ಷನ್ ಮೊದಲೇ ಇದ್ದಿದ್ದರಿಂದ ಪಂಪ್ ಮಾತ್ರ ದೊಡ್ಡದು ಹಾಕಿದೆ. ಲೆಕ್ಕ ಹಾಕಿದಾಗ ಕೂಲಿ ಬಿಟ್ಟು ನನಗಾಗಿದ್ದು ಸುಮಾರು 14,000 ಡಾಲರ್, ಭಾವನಿಗೆ ಹತ್ತಿರಹತ್ತಿರ ಎರಡರಷ್ಟು.

ವೈರಿಂಗ್‌ನಲ್ಲೂ ನಿಸ್ಸಾನ್ ಮುಂದೆ. ಕಮಾರೊದ ಕಂಪ್ಯೂಟರಿನಲ್ಲಿ ಕಳ್ಳತನ ತಡೆಯುವ ಭಾಗ ತೆಗೆಸಿದೆ. ಥ್ರಾಟಲ್ ಕೇಬಲ್‌ನದ್ದು, ಸುಲಭ. ನನಗೆ ತುಂಬಾ ಖುಷಿ ಕೊಟ್ಟಿದ್ದು ಆರ್‌ಪಿಎಂ ಮುಳ್ಳು. ಎಲ್‌ಎಸ್1 ಎಂಟು ಸಿಲಿಂಡರಿನದ್ದಾದರೂ ಮೀಟರಿಗೆ ಕಳಿಸುವ ಸಿಗ್ನಲ್ ನಾಲ್ಕು ಸಿಲಿಂಡರಿನ ಲೆಕ್ಕದ್ದು. ನಿಸ್ಸಾನ್ ಮೀಟರ್ ಕಾಯುತ್ತಿದ್ದುದೂ ಅದನ್ನೇ. ಒಂದು ಪುಟ್ಟ ರೆಸಿಸ್ಟರ್ ಸೇರಿಸಿದೆ, ಮುಳ್ಳು ಸರಿಯಾಗಿ ಎದ್ದು ನಿಂತಿತು. ಭಾವನಿಗೆ ವೈರಿಂಗ್ ಮಾಡಿಕೊಟ್ಟ ಅಂಗಡಿಯವರು ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ಎರಡು ವೈರ್ ತಿರುಗಾಮುರುಗಾ ಮಾಡಿದ್ದರು. ಮೂರು ವಾರ ಸ್ಟಾರ್ಟ್ ಆಗಲಿಲ್ಲ.

ನಾನೂ ಒಂದು ತಪ್ಪು ಮಾಡಿದೆ, ಬೇರೆಯವರು ಮಾಡಬಾರದು ಅಂತ ಹೇಳುತ್ತೇನೆ. ಎಲ್‌ಎಸ್1ರ ಹೆಡ್‌ಗಳ ಮೇಲಿಂದ ಒಂದು ಸಣ್ಣ ಪೈಪ್ ಬರುತ್ತೆ. ಒಳಗೆ ಸೇರಿದ ಗಾಳಿ, ಹಬೆ ಅಲ್ಲಿಂದ ರೇಡಿಯೇಟರಿಗೆ ಹೋಗಬೇಕು. ನಾನು ತಂದ ರೇಡಿಯೇಟರಿನಲ್ಲಿ ಅದಕ್ಕೆ ತೂತು ಇರಲಿಲ್ಲ. ಸುಮ್ನೆ ಮುಚ್ಚಿಬಿಟ್ಟೆ. 680 ಹೆದ್ದಾರಿಯ ಏರಿನಲ್ಲಿ ಟೆಂಪರೇಚರ್ ಮುಳ್ಳು ಸರ್ರನೆ ಕೆಂಪಿಗೆ ಏರಿತು. ತಕ್ಷಣ ನಿಲ್ಲಿಸಿದ್ದಕ್ಕೆ ಹೆಡ್ ಉಳಿಯಿತು. ಆ ಪೈಪನ್ನು ರೇಡಿಯೇಟರಿಗೆ ಜೋಡಿಸಿದ ಮೇಲೆ ಮತ್ತೆ ಆ ತೊಂದರೆ ಬಂದಿಲ್ಲ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಮಸ್ಟಾಂಗ್ ಗೆದ್ದಿತು, ಅದೂ ದೊಡ್ಡದಾಗಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಹೊಗೆ ಪರೀಕ್ಷೆ ಇಲ್ಲ. ನನ್ನದು 1992ರದ್ದು. ಕೂರಿಸುವ ಎಂಜಿನ್ ಕಾರಿನ ವರ್ಷದ್ದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಆ ಎಂಜಿನ್ ಜೊತೆ ಬಂದಿದ್ದ ಹೊಗೆ ತಡೆಯುವ ಸಾಮಾನು ಎಲ್ಲವೂ ಇರಬೇಕು. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್‌ಗಳು, ಪೆಟ್ರೋಲ್ ಹಬೆ ಹಿಡಿಯುವ ಡಬ್ಬ ಕೂಡ. ಆಮೇಲೆ ಸರ್ಕಾರ ನೇಮಿಸಿದ ರೆಫರಿ ನೋಡಿ ಒಪ್ಪಬೇಕು. ಅದಕ್ಕೇ ನಾನು ಎಂಜಿನ್ ಒಂದನ್ನೇ ತರಲಿಲ್ಲ, ಗುದ್ದಿಸಿಕೊಂಡ ಇಡೀ ಕಮಾರೊ ತಂದಿದ್ದು. ಎರಡನೇ ಸಲಕ್ಕೆ ಪಾಸಾಯಿತು. ರೆಫರಿ ಲೇಬಲ್ ಅಂಟಿಸಿದಾಗ ಕಣ್ಣು ತುಂಬಿ ಬಂತು.

ಓಡಿಸಿ ನೋಡಲು ಸಾರಟೋಗದಿಂದ ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆಗೆ ಹತ್ತುವ 9ನೇ ಹೆದ್ದಾರಿಗೆ ಹೋದೆವು. ಚಾರ್ಮಾಡಿ ನೆನಪಾಗುವ ತಿರುವುಗಳು. ನಿಸ್ಸಾನ್ ಮೂರನೇ ಗೇರಿನಲ್ಲಿ ಹಾಕಿ ಬಿಟ್ಟರೆ ಸಾಕು. 1,500 ಆರ್‌ಪಿಎಂನಿಂದಲೇ ಎಳೆಯುತ್ತೆ, ಎಲ್ಲೂ ಜರ್ಕ್ ಇಲ್ಲ. ತಿರುವಿನ ಮಧ್ಯೆ ಕಾಲು ಎಷ್ಟು ಒತ್ತುತ್ತೀನೋ ಅಷ್ಟೇ ಬರುತ್ತೆ. ಹೆದ್ದಾರಿಯಲ್ಲಿ ಆರನೇ ಗೇರ್, 70 ಮೈಲಿ ವೇಗಕ್ಕೆ ಸುಮಾರು 2,000 ಆರ್‌ಪಿಎಂ. ಹೆಂಡತಿ ನಿದ್ದೆ ಮಾಡುತ್ತಾಳೆ.

ಮಸ್ಟಾಂಗ್ ಬೇರೆ ತರಹ. 3,500ರವರೆಗೆ ಸಾಧು. ಆಮೇಲೆ ಟರ್ಬೊ ಸಿಳ್ಳೆ ಹಾಕಿ ಒಮ್ಮೆಲೇ ನುಗ್ಗುತ್ತೆ, ಹಿಂದೆ ಲೀಫ್ ಸ್ಪ್ರಿಂಗ್ ಎದ್ದು ಕೂರುತ್ತೆ. ನೇರ ರಸ್ತೆಯಲ್ಲಿ ಅದರ ಮುಂದೆ ನನ್ನದು ಏನೂ ಅಲ್ಲ. ತಿರುವಿನಲ್ಲಿ ಮಾತ್ರ ಯಾವಾಗ ನುಗ್ಗುತ್ತೋ ಅಂತ ಕೈ ಬಿಗಿ ಹಿಡಿದೇ ಇರಬೇಕು. “ಭಾವ, ನಿಮಗೆ ಖುಷಿಯಾಯ್ತಾ?” ಅಂತ ಕೇಳಿದೆ. “ಖುಷಿಯೇನೋ ಆಯ್ತು ಕಣೋ. ಆದರೆ ಕಣ್ಣು ಮುಚ್ಚಿ ಕೇಳಿದರೆ ಇದು ಮಸ್ಟಾಂಗ್ ಅನ್ನಿಸಲ್ಲ,” ಅಂದರು.

ನನಗೂ ಅದೇ ಅನ್ನಿಸಿದ್ದು. ನಿಸ್ಸಾನ್‌ನಲ್ಲಿ ಕೊರತೆ ಇದ್ದಿದ್ದು ಎಂಜಿನ್ ಒಂದೇ, ಅದನ್ನು ವಿ8 ತುಂಬಿತು, ಮಿಕ್ಕ ಕಾರು ಹಾಗೇ ಉಳಿಯಿತು. ಮಸ್ಟಾಂಗ್‌ನಲ್ಲಿ ಎಂಜಿನ್‌ಗಾಗಿ ಮಿಕ್ಕ ಕಾರನ್ನೆಲ್ಲ ಬದಲಿಸಬೇಕಾಯಿತು. ಒಂದನ್ನೇ ಮತ್ತೆ ಮಾಡು ಅಂದರೆ ನಾನು ಕಣ್ಣು ಮುಚ್ಚಿ ವಿ8-ನಿಸ್ಸಾನ್ ಮಾಡುತ್ತೇನೆ. ಹಳೆ ಕೆಎ24 ಮಾರಿ ಬಂದ ದುಡ್ಡಲ್ಲಿ ಹೊಸ ಕ್ಲಚ್ ತಂದೆ. ಭಾವನ ಹಳೆ ಆರು ಸಿಲಿಂಡರ್ ಇನ್ನೂ ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲ್ ಹೊದ್ದು ಕೂತಿದೆ. ಕೊಳ್ಳೋಕೆ ಇಬ್ಬರು ಬಂದಿದ್ದರು, ಕೊಡಲಿಲ್ಲ.

ನಿಮ್ಮ ಹತ್ತಿರ ‘ಟಿ’ ಅಕ್ಷರದ ಮಸ್ಟಾಂಗ್ ಇದ್ದು ಟೊಯೋಟಾ ಎಂಜಿನ್ ಮೇಲೆ ಕಣ್ಣಿದ್ದರೆ, ಬ್ರೇಕ್ ಮತ್ತು ಆಕ್ಸಲ್‌ಗೆ ಬೇಕಾದ ದುಡ್ಡನ್ನು ಮೊದಲು ಎತ್ತಿಡಿ, ಎಂಜಿನ್ ಆಮೇಲೆ ಹುಡುಕಿ.