ಸೌಂಡ್‌ಬಾರೋ, ಆಂಪ್ಲಿಫೈಯರ್ ಜೊತೆ ಜೋಡಿ ಸ್ಪೀಕರೋ?

ದಾವಣಗೆರೆ ವಿದ್ಯಾನಗರದ ಕಡೆ ಹೊಸ ಮನೆಗಳ ಹಾಲ್ ನೋಡಿ: ನೆಲಕ್ಕೆ ಟೈಲ್ಸ್, ಸುತ್ತ ಬೋಳು ಗೋಡೆ, ಮೇಲೆ ಆರ್‌ಸಿಸಿ. ಚಪ್ಪಾಳೆ ಹೊಡೆದರೆ ಝಣ್ ಅಂತ ವಾಪಸ್ ಬರುತ್ತೆ. ಇಲ್ಲಿ ಎಂಥಾ ಸೆಟ್ ಇಟ್ಟರೂ ಹಾಡಿನ ಮಾತು ಕಲಸಿಹೋಗುತ್ತೆ. ಹಾಗಾಗಿ ಮೊದಲ ಖರ್ಚು ದಪ್ಪ ಪರದೆ, ಒಂದು ಜಮಖಾನ.

ಧಾರಾವಾಹಿ, ಕ್ರಿಕೆಟ್, ಆಗೊಮ್ಮೆ ಸಿನಿಮಾ ಅಷ್ಟೇ ಅನ್ನೋರಿಗೆ ಸೌಂಡ್‌ಬಾರ್ (ಟಿವಿ ಕೆಳಗಿಡೋ ಉದ್ದನೆಯ ಸ್ಪೀಕರ್ ಪೆಟ್ಟಿಗೆ) ಸಾಕು. ಟಿವಿಯ ಸದ್ದು ಹೊರಗೆ ಕಳಿಸೋ ಎಚ್‌ಡಿಎಂಐ ಆರ್ಕ್ ಕಿಂಡಿಗೆ ಒಂದು ಕೇಬಲ್ ಹಾಕಿದರೆ ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್. ಆದರೆ ಎಡ, ಬಲ ಎರಡೂ ಒಂದೇ ಪೆಟ್ಟಿಗೆಯಲ್ಲಿ. ತಬಲಾ ಎಲ್ಲಿ, ಹಾರ್ಮೋನಿಯಂ ಎಲ್ಲಿ ಅಂತ ಅಷ್ಟಾಗಿ ಗೊತ್ತಾಗಲ್ಲ.

ಹಾಡು ಕೇಳೋದೇ ಮುಖ್ಯ ಅಂದ್ರೆ ಜೋಡಿ ಸ್ಪೀಕರ್ ತಗೊಳ್ಳಿ, ಬಜೆಟ್‌ನ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಇಡಿ. ಆಂಪ್ಲಿಫೈಯರ್‌ನ ವ್ಯಾಟ್ ನೋಡಿ ಮರುಳಾಗಬೇಡಿ: 50 ವ್ಯಾಟ್ 100 ಆದರೆ ಸದ್ದು ಏರೋದು ಬರೀ 3 ಡೆಸಿಬಲ್. ಸ್ಪೀಕರ್ ಸೆನ್ಸಿಟಿವಿಟಿ (ಅಷ್ಟೇ ವಿದ್ಯುತ್‌ಗೆ ಎಷ್ಟು ಸದ್ದು ಕೊಡುತ್ತೆ ಅನ್ನೋ ಅಳತೆ) 86ರ ಬದಲು 89 ಡೆಸಿಬಲ್ ಇದ್ದರೂ ಅಷ್ಟೇ ಲಾಭ. ಡಬ್ಬದ ಮೇಲಿನ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವ್ಯಾಟ್) ಅಂಕಿ ಬರೀ ಬೊಗಳೆ, ಆರ್‌ಎಂಎಸ್, ಅಂದ್ರೆ ಸತತವಾಗಿ ಕೊಡೋ ವ್ಯಾಟ್, ಎಷ್ಟು ಅಂತ ಕೇಳಿ. ಸ್ಪೀಕರ್‌ಗಳನ್ನು ಗೋಡೆಯಿಂದ ಒಂದೆರಡು ಅಡಿ ಮುಂದಿಡಿ, ಟ್ವೀಟರ್ (ಸ್ಪೀಕರ್‌ನೊಳಗೆ ಕೀಚು ಸ್ವರ ಹೊರಡಿಸೋ ಚಿಕ್ಕ ಭಾಗ) ಕೂತವರ ಕಿವಿಯ ಮಟ್ಟಕ್ಕಿರಲಿ. ಶೋಕೇಸ್‌ನಲ್ಲಿ ಗೊಂಬೆಗಳ ಪಕ್ಕ ತುರುಕೋದಾದರೆ ಕೊಟ್ಟ ದುಡ್ಡು ದಂಡ. ದುಬಾರಿ ಕೇಬಲ್ ಬೇಡ, ನಾಲ್ಕೈದು ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರ್ ಧಾರಾಳ.

ಬಾಡಿಗೆ ಮನೆ, ಮೇಲಿಂದ ಮೇಲೆ ಸಾಮಾನು ಎತ್ತೋರು ಮಾತ್ರ ಸೌಂಡ್‌ಬಾರ್‌ಗೇ ಅಂಟಿಕೊಳ್ಳಿ.